ಲೋಸಾಳ ತೂಕ ಕೂಗಿದ ದಿನ

ಪೇನಿಸೋನಿಯ ಚಪ್ಪಲಿ ಚರ್ಚಿನ ಹಜಾರದ ಬಾಗಿಲ ಹೊರಗೆ ಬಿದ್ದಿದ್ದನ್ನು ನಾನು ನೋಡಿದ್ದೆ. ನೋಡಿರಲಿಲ್ಲ ಅಂತ ಊರಿಗೆಲ್ಲ ಹೇಳಿದ್ದೇನೆ. ಪಾದ್ರಿಗೂ ಹಾಗೇ ಹೇಳಿದೆ. ಸುಳ್ಳು.

ನಮ್ಮ ಚರ್ಚಿನ ಹೆಂಗಸರ ನಡಿಗೆ ಗುಂಪಿಗೆ ನಾನೇ ಮುಂದಾಳು. ಆ ವರ್ಷ ವವಾವು ದ್ವೀಪದ ಆರು ಊರುಗಳ ನಡುವೆ ಪಂದ್ಯ ಇಟ್ಟಿದ್ದರು. ಮೂರು ತಿಂಗಳಲ್ಲಿ ಯಾವ ಊರಿನ ಹೆಂಗಸರು ಹೆಚ್ಚು ತೂಕ ಇಳಿಸುತ್ತಾರೋ ಅವರಿಗೆ ಒಂದು ಕೊಬ್ಬಿದ ಹಂದಿ. ನಗಬೇಡಿ, ಇಲ್ಲಿ ಹಂದಿಗಿಂತ ದೊಡ್ಡ ಬಹುಮಾನ ಇಲ್ಲ. ಬೆಳಿಗ್ಗೆ ಐದೂವರೆಗೆ ಮನೆಮನೆಯ ಮುಂದೆ ಶಿಳ್ಳೆ ಊದುತ್ತಿದ್ದೆ. ಬಂದರಿನ ಗೋಡೆ ಮುಟ್ಟಿ ವಾಪಸು ಬರಬೇಕು. ಮೈ ಸರಿಯಾದರೆ ಉಳಿದದ್ದೂ ಸರಿಹೋಗುತ್ತದೆ ಎಂದು ನರ್ಸಮ್ಮ ಮೆತ್ತಗೆ ಹೇಳಿದ್ದ ಮಾತನ್ನು ನಾನು ಪೊಲೀಸಿನವಳ ಹಾಗೆ ಹೇಳುತ್ತಿದ್ದೆ.

ಲೋಸಾ ನನ್ನ ಜೊತೆ ಶಾಲೆಗೆ ಹೋದವಳು. ಸಕ್ಕರೆ ಕಾಯಿಲೆಯವಳು. ಗಂಡ ಸತ್ತ ಮೇಲೆ ಎರಡು ವರ್ಷ ಅಂಗಳ ದಾಟಿರಲಿಲ್ಲ. ನಾನೇ ಕೈ ಹಿಡಿದು ಎಳೆದು ತಂದೆ, ಬೂಟು ಕೊಟ್ಟು ಹಾಕಿಕೋ ಎಂದು ಗದರಿದೆ. ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

"ಫೂಸೀ, ಆ ಶಿಳ್ಳೆ ಒಂದಿನ ನುಂಗಿಬಿಡ್ತೀನಿ ನೋಡು! ನೀನಂತೂ ತಿಂಡಿ ತಿನ್ನೋಕೆ ಬಿಡಲ್ಲ."

"ನುಂಗು, ಅದರ ತೂಕಾನೂ ನಿನ್ನ ಲೆಕ್ಕಕ್ಕೇ ಬರುತ್ತೆ."

ಎಂಟನೇ ವಾರ ಮಂಗಳವಾರದಿಂದ ಮೂರು ದಿನ ಅವಳು ಬರಲಿಲ್ಲ. ನಮಗೂ ಪಕ್ಕದ ಊರಿಗೂ ಎರಡೇ ಕಿಲೋ ಅಂತರ. ಶುಕ್ರವಾರ ಚರ್ಚಿನ ಹಜಾರದಲ್ಲಿ ತೂಕದ ಯಂತ್ರ ಹತ್ತಿದಳು. ನೂರ ಹದಿನೆಂಟು. ಹಿಂದಿನ ವಾರಕ್ಕಿಂತ ಎರಡು ಹೆಚ್ಚು. ನನಗೆ ಪಿತ್ತ ನೆತ್ತಿಗೇರಿತು.

ಅವಳ ಅಣ್ಣ ಪೇನಿಸೋನಿ ಅದೇ ಹಜಾರದ ಒಳಗೆ, ನಮ್ಮ ಬೆನ್ನ ಹಿಂದೆ ಏಣಿ ಹತ್ತಿ ಸೋರುವ ತಗಡಿಗೆ ಮೊಳೆ ಹೊಡೆಯುತ್ತಿದ್ದ. ಸುತ್ತಿಗೆಯ ಸದ್ದು ಆಗಷ್ಟೇ ನಿಂತಿತ್ತು. ಹೋಗಿದ್ದಾನೆ ಎಂದುಕೊಳ್ಳಬಹುದಿತ್ತು, ಆ ಚಪ್ಪಲಿ ಕಾಣದಿದ್ದರೆ. ಅಣ್ಣ ತಂಗಿ ಇಬ್ಬರೂ ಇರುವ ಕಡೆ ನಾವು ಯಾರ ಮೈಯ ಮಾತನ್ನೂ ಎತ್ತುವುದಿಲ್ಲ. ತಂಗಿಯ ಮೈಯ ಮಾತು ಅಣ್ಣನ ಕಿವಿಗೆ ಬಿದ್ದರೆ ಆಮೇಲೆ ಅವರು ಒಬ್ಬರ ಕಣ್ಣಿಗೆ ಒಬ್ಬರು ಬೀಳಲಾರರು. ಇದು ನಮ್ಮ ಮಕ್ಕಳಿಗೂ ಗೊತ್ತು.

ನಾನು ಕೂಗಿದೆ. "ನೂರ ಹದಿನೆಂಟು! ಇಡೀ ಊರು ಬೆವರು ಸುರಿಸ್ತಿದ್ರೆ ನೀನು ಮಲಗಿ ಮೆದ್ದೆ ಅಲ್ವೇನೇ? ಈ ತೊಡೆ ಹೊತ್ಕೊಂಡು ಎಲ್ಲಿಗೆ ನಡೀತೀಯ ನೀನು?"

ಹೆಂಗಸರು ನಕ್ಕರು. ಮೇಲಿನಿಂದ ಮೊಳೆಯ ಡಬ್ಬಿ ಬಿತ್ತು. ನಗು ನಿಂತಿತು. ಪೇನಿಸೋನಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಇಳಿದ, ಬರಿಗಾಲಲ್ಲೇ ಹೊರಟುಹೋದ. ಲೋಸಾ ಯಂತ್ರದ ಮೇಲೇ ನಿಂತಿದ್ದಳು. ಯಾರೋ ಅವಳನ್ನು ಕೈ ಹಿಡಿದು ಇಳಿಸಿದರು.

ಆಮೇಲೆ ಅವಳು ಬರಲಿಲ್ಲ. ಸಿಟ್ಟು, ತಾನಾಗಿ ಇಳಿಯುತ್ತದೆ ಬಿಡು ಅಂದುಕೊಂಡೆ. ಹಂದಿ ಗೆದ್ದೆವು. ಹಂದಿ ಸುಟ್ಟ ದಿನವೇ ನರ್ಸಮ್ಮ ಹೇಳಿದಳು: ಆ ಮೂರು ದಿನ ಲೋಸಾ ಬಾರದೇ ಇದ್ದದ್ದು ನಾನು ಕೊಟ್ಟ ಬೂಟು ಕಚ್ಚಿ ಕಾಲಲ್ಲಿ ಗುಳ್ಳೆ ಎದ್ದಿದ್ದಕ್ಕೆ. ಶುಕ್ರವಾರ ತೂಕ ಮುಗಿದ ಮೇಲೆ ನನಗೆ ತೋರಿಸಬೇಕು ಅಂತಿದ್ದಳಂತೆ. ನಾಚಿಕೆಯಿಂದ ಮನೆ ಸೇರಿದವಳು ಯಾರಿಗೂ ಕಾಲು ತೋರಿಸಲಿಲ್ಲ. ಗುಳ್ಳೆ ಹುಣ್ಣಾಗಿ, ಹುಣ್ಣು ಕೊಳೆತು, ಪೇಟೆಯ ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆದಿದ್ದರು.

ಅಜ್ಜಿಯ ಕಾಲದ ಹರಿದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ತಪ್ಪು ಮಾಡಿದವರು ಕೂರುವ ಹಾಗೆ ಅವಳ ಅಂಗಳದ ಮಣ್ಣಲ್ಲಿ ತಲೆ ತಗ್ಗಿಸಿ ಕೂತೆ. ಸ್ವಲ್ಪ ಹೊತ್ತಿಗೆ ಕೋಲಿನ ಸದ್ದು ಕೇಳಿತು.

"ಎದ್ದೇಳೇ. ಅದು ಇರುವೆ ಗೂಡು, ಕೂರೋಕೆ ಅದೇ ಜಾಗ ಸಿಕ್ತಾ ನಿಂಗೆ?"

"ಚಪ್ಪಲಿ ನೋಡಿದ್ದೆ ಕಣೇ ಲೋಸಾ. ನೋಡಿಯೇ ಅಂದೆ."

"ಗೊತ್ತು," ಅಂದಳು. "ನಿನ್ನ ಕಣ್ಣು ಒಂದ್ಸಲ ಬಾಗಿಲ ಕಡೆ ಹೋಗಿದ್ದನ್ನ ನೋಡ್ದೆ. ಬೆರಳು ಹೋಗ್ಲಿ ಬಿಡು, ಇನ್ನೂ ಎಂಟಿವೆ. ಅಣ್ಣ ಬರ್ತಿಲ್ಲ ಕಣೇ."

ಪ್ರತಿ ಶನಿವಾರ ಪೇನಿಸೋನಿ ತಂಗಿಗೆ ಹೆಗ್ಗೆಣಸು ತರುತ್ತಿದ್ದ. ಮನೆಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂರುತ್ತಿದ್ದ, ಅವಳು ಅಡಿಗೆಮನೆಯಿಂದ ಮಾತಾಡುತ್ತಿದ್ದಳು. ಗೆಣಸು ಬೇಯುವವರೆಗೂ ಸತ್ತ ತಾಯಿಯ ಸುದ್ದಿ, ದೋಣಿಯ ಸುದ್ದಿ. ಗಂಡ ಹೋದ ಮೇಲೆ ಅವಳ ವಾರದಲ್ಲಿ ಇದ್ದದ್ದು ಅದೊಂದೇ ದಿನ.

"ಈಗ ತಿಂದದ್ದು ಒಳಗೆ ಇಳಿಯಲ್ಲ, ನಿದ್ದೆ ಹತ್ತಲ್ಲ. ಸಕ್ಕರೆ ಯಾಕೆ ಏರ್ತಿದೆ ಅಂತ ನರ್ಸಮ್ಮ ಕೇಳ್ತಾಳೆ. ಏನಂತ ಹೇಳ್ಲಿ?"

ಅಲ್ಲಿಂದ ನೇರ ಅವನ ತೋಟಕ್ಕೆ ಹೋದೆ. ಸಾಲಿನ ತುದಿಯಲ್ಲಿ ಚಾಪೆ ಸುತ್ತಿಕೊಂಡು ಕೂತೆ. ಏನು ಹೇಳಲಿ? ಆ ಮಾತಿಗೆ ಕ್ಷಮೆ ಕೇಳಬೇಕಾದರೆ ಆ ಮಾತನ್ನು ಅವನ ಮುಂದೆ ಇನ್ನೊಮ್ಮೆ ಎತ್ತಬೇಕು. ಸುಮ್ಮನೆ ಕೂತೆ. ಅವನು ಅಗೆಯುತ್ತಲೇ ಇದ್ದ. ಬಿಸಿಲು ನೆತ್ತಿಗೆ ಬಂದಾಗ ಒಂದು ಬುಟ್ಟಿ ಗೆಣಸು ತಂದು ನನ್ನ ಮುಂದೆ ಇಟ್ಟ.

"ಅವಳಿಗೆ ಕೊಡು."

"ನೀನೇ ಬಾ ಪೇನಿಸೋನಿಯಣ್ಣ."

"ಬಿಸಿಲು ಜಾಸ್ತಿಯಾಯ್ತು. ಹೊರಡು ತಾಯಿ."

ಅದಾಗಿ ಹತ್ತು ತಿಂಗಳಾಯಿತು. ಪ್ರತಿ ಶನಿವಾರ ಅವನ ತೋಟದಿಂದ ಅವಳ ಮನೆಗೆ ಏರುದಾರಿಯಲ್ಲಿ ಬುಟ್ಟಿ ಹೊರುತ್ತೇನೆ. ನಾನು ಹದಿನಾಲ್ಕು ಕಿಲೋ ಇಳಿದಿದ್ದೇನೆ. ಹೆಂಗಸರು ಗುಟ್ಟು ಏನು ಅಂತ ಕೇಳುತ್ತಾರೆ. ಅವರ ಮೇಲೆ ರೇಗುತ್ತೇನೆ.

ಲೋಸಾ ಕೋಲೂರಿ ಬಾಗಿಲಿಗೆ ಬರುತ್ತಾಳೆ. ಬುಟ್ಟಿ ಇಸಿದುಕೊಳ್ಳುವ ಮುಂಚೆ, ಪ್ರತಿ ಸಲವೂ, ನನ್ನ ಹೆಗಲ ಮೇಲಿಂದ ದಾರಿಯನ್ನು ನೋಡುತ್ತಾಳೆ.