ತನಗೆ ತಾನೇ ಹೂಂ ಅಂದ ಕಣ

ಒಂದಾನೊಂದು ಮೈಯಲ್ಲಿ ಒಂದು ಜೀವಕಣ ಇತ್ತು. ಕಣ್ಣಿಗೆ ಕಾಣದಷ್ಟು ಚಿಕ್ಕದು, ಗತ್ತು ಮಾತ್ರ ಊರ ಯಜಮಾನನದು.

ನಾನು ಹೀಗೆ ಕತೆ ಎತ್ತಿದ್ದು ನಂಜನಗೂಡಿನ ಒಂದು ಆಸ್ಪತ್ರೆಯ ಬೆಂಚಿನ ಮೇಲೆ. ಪಕ್ಕದಲ್ಲಿ ಅಜ್ಜಿ ಕೆಂಪಾಜಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಿದ್ದಳು. ಅವಳ ಎದೆಯಲ್ಲಿ ಗಂಟು ಕಂಡು ಮೂರು ತಿಂಗಳು. ಸೂಜಿಯಿಂದ ಚೂರು ತೆಗೆದು ನೋಡದೆ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಇವತ್ತು ಮಾಡಿಸಿಯೇ ಬರುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದೆ.

"ಚುಚ್ಚುದ್ರೆ ಗಂಟು ಕೆರಳ್ತದೆ ಕಣವ್ವ. ನರಸೀಪುರದ ಬಸ್ಸು ನಿಂತದೆ, ಸಂಗಮದಲ್ಲಿ ಮೂರು ಮುಳುಗು ಆಕ್ಬುಟ್ಟು ಬತ್ತೀನಿ."

"ಗತ್ತು ಊರ ಯಜಮಾನನದು," ಎಂದೆ ಮತ್ತೆ.

"ಹೂಂ," ಅಂದುಬಿಟ್ಟಳು ಅಜ್ಜಿ, ಅಭ್ಯಾಸಬಲದಿಂದ. ತಕ್ಷಣ ನಾಲಿಗೆ ಕಚ್ಚಿಕೊಂಡಳು. ಹೂಂಗುಟ್ಟಿದವರು ಕತೆ ಮುಗಿಯುವ ತನಕ ಏಳಬಾರದು. ನನ್ನ ಬಾಲ್ಯವಿಡೀ ಅವಳೇ ಹೇರಿದ ಕಾನೂನು. ಕೂತಳು.

"ಆ ಮೈಯಲ್ಲಿ ನೆರೆಹೊರೆ ಹೂಂ ಅನ್ನದೆ ಯಾವ ಕಣವೂ ಎರಡಾಗೋ ಹಂಗಿಲ್ಲ ಅಜ್ಜಿ. ಪಕ್ಕದವರ ಗೋಡೆ ತಾಗಿದ್ರೆ ನಿಂತ್ಕೋಬೇಕು. ಇದು ತನಗೆ ತಾನೇ ಹೂಂ ಅಂದ್ಕೊಂಡು ಎರಡಾಯ್ತು, ನಾಲ್ಕಾಯ್ತು."

"ನಮ್ ಬೀದಿ ದೊಡ್ಡಸಿದ್ದಯ್ಯ! ಕೊಟ್ಟಿಗೆ ಅಂತ ಸುರು ಮಾಡಿ ದಾರಿನೇ ನುಂಗುದ್ನಲ್ಲ."

"ಅವನೇ. ಅಲ್ಲೊಬ್ಬ ಕಾವಲುಗಾರ ಇದ್ದ. ಕಣದ ಕಾಗದಪತ್ರ ನೋಡೋನು, ತಪ್ಪಿದ್ರೆ ತಿದ್ದಿಸೋನು. ತಿದ್ದಕ್ಕಾಗದಿದ್ರೆ 'ಸಾಯಿ' ಅನ್ನೋನು. ಒಳ್ಳೇ ಕಣಗಳು ಮರ್ಯಾದೆಯಾಗಿ ಸಾಯ್ತಿದ್ವು."

"ಇದು?"

"ಅವನ ಬಾಯೇ ಕಟ್ಟಿಹಾಕ್ತು. ರಕ್ತದ ಪೈಪಿಂದ ಸ್ವಂತಕ್ಕೊಂದು ನಲ್ಲಿ ಎಳ್ಕೊಂಡ್ತು. ಮೈ ಕಾಯೋ ಪೊಲೀಸ್ರು ಬಂದ್ರೆ, 'ನಾನೂ ಇದೇ ಊರೋನು ಸಾ' ಅಂತು. ಅವರೂ 'ಸರಿ ಬಿಡಪ್ಪ' ಅಂದ್ರು."

"ನಮಗಾದ್ರೆ ಒಂದು ಸಹಿಗೆ ಆರ್ ತಿಂಗ್ಳು ಅಲೆಸ್ತಾರೆ!" ಅಜ್ಜಿ ನಕ್ಕಳು. ನಗು ಅರ್ಧದಲ್ಲೇ ನಿಂತಿತು. "ನನ್ನೊಳಗಿರೋದು ಅವನೇನವ್ವ?"

"ಗೊತ್ತಿಲ್ಲ ಅಜ್ಜಿ. ಬರೀ ಸಾಧು ಗಂಟೂ ಇರಬೋದು. ಚುಚ್ಚಿದ್ರೆ ಅದೇನೂ ಕೆರಳಲ್ಲ. ಅವನೇ ಆಗಿದ್ರೆ, ಚುಚ್ಚದಿದ್ರೂ ಬೆಳೀತಾನೆ, ಮೈಯೊಳಗಿನ ಬೇರೆ ಊರಲ್ಲೂ ಸೈಟ್ ನೋಡ್ತಾನೆ. ಕತೆ ನನಗೆ ಗೊತ್ತಿರೋದು ಇಷ್ಟೇ. ಮುಂದಿನದು ಸೂಜಿನೇ ಹೇಳ್ಬೇಕು."

ಅಜ್ಜಿ ಬಸ್ಸಿಗೆಂದು ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಸಡಿಲ ಬಿಟ್ಟಳು.

ನರ್ಸ್ ಸುನೀತಾ ಬಾಗಿಲಲ್ಲಿ ನಿಂತು ಹೆಸರು ಕೂಗಿದರು.

"ಬಂದೆ ಕಣವ್ವ. ಸೂಜಿನೋ ದಬ್ಬಳನೋ, ಮೊದ್ಲು ತೋರ್ಸು," ಎನ್ನುತ್ತ ಅಜ್ಜಿ ಒಳಗೆ ಹೋದಳು.

ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಗಂಟಿನಿಂದ ತೆಗೆದದ್ದನ್ನು ಸವರಿ, ಕೆಂಪಾಜಮ್ಮ ಎಂದು ಹೆಸರು ಬರೆದ ಗಾಜಿನ ಪಟ್ಟಿಗಳನ್ನು ಹಿಡಿದು ಸುನೀತಾ ಲ್ಯಾಬಿನ ಕಡೆ ನಡೆದರು.