ಬೇಡವೆನಿಸಿಕೊಂಡ ಬಾಗಿಲು

ನಾನು ಒಂದು ಬಾಗಿಲು. ತೋರಣ ಕಟ್ಟಿ, ಮುಂದೆ ರಂಗೋಲಿ ಹಾಕುವ ಬಾಗಿಲಲ್ಲ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಒಯ್ಯುವ ನೌಕೆಯ ಬಾಗಿಲು. ಒಳಗೆ ಉಸಿರು, ಹೊರಗೆ ಶೂನ್ಯ, ನಡುವೆ ನಾನು. ಇಷ್ಟು ದೊಡ್ಡ ಕೆಲಸಕ್ಕೆ ಹುಟ್ಟಿದ ನನ್ನನ್ನು ಒಬ್ಬ ಹೆಂಗಸು ಗುಜರಿಗೆ ತಳ್ಳಿದಳು. ಅವಳ ಹೆಸರು ವಾರಿಜಾಕ್ಷಿ. ಅವಳನ್ನು ‘ಅವರು’ ಎನ್ನಲು ನನಗೆ ಮನಸ್ಸಿಲ್ಲ.

ನಾನು ಹುಟ್ಟಿದ್ದು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಚೌಡಾಚಾರ್ ಎಂಬ ಹಿರಿಯ ಕೆಲಸಗಾರ ಅಲ್ಯೂಮಿನಿಯಂ ದಿಮ್ಮಿಯನ್ನು ನಾಲ್ಕು ತಿಂಗಳು ಕೊರೆದು ನನ್ನನ್ನು ಹೊರತೆಗೆದ. ನನ್ನ ಅಂಚಿನ ಸುತ್ತ ಒಂದು ತೋಡು ಮಾಡಿದ. ಅದರಲ್ಲಿ ರಬ್ಬರಿನ ಬಳೆ ಕೂರುತ್ತದೆ. ಒಳಗಿನ ಗಾಳಿ ಹೊರಗೆ ಹೋಗದಂತೆ ತಡೆಯುವುದು ಆ ಬಳೆಯೇ.

ಕೆಲಸ ಮುಗಿದ ಮರುದಿನ ಆಯುಧಪೂಜೆ. ಯಂತ್ರಗಳಿಗೆಲ್ಲ ವಿಭೂತಿ ಬಳಿದು, ಚೆಂಡುಹೂ ಮುಡಿಸಿದರು. ಚೌಡಾಚಾರ್ ಕುಂಕುಮ ಕಲಸಿಕೊಂಡು ನನ್ನ ಬಳಿ ಬಂದ.

“ಹೊಸ ಕೂಸು ಕಣ್ರೋ ಇದು. ಬರೀ ಹಣೇಲಿ ಕಳಿಸಿದ್ರೆ ದೃಷ್ಟಿ ಆಗ್ತದೆ,” ಎಂದು ನನ್ನ ಅಂಚಿಗೆ ದಪ್ಪನೆಯ ಬೊಟ್ಟಿಟ್ಟ. ಬೊಟ್ಟಿನ ನೀರು ತೋಡಿಗೆ ಇಳಿಯಿತು. ಕುಂಕುಮದಲ್ಲಿ ಸುಣ್ಣವಿರುತ್ತದೆ, ಸುಣ್ಣಕ್ಕೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ. ಮೂರು ದಿನ ರಜೆ. ಬಾಗಿಲು ಹಾಕಿದ ಕಾರ್ಖಾನೆಯಲ್ಲಿ ಅದು ನನ್ನನ್ನು ಸದ್ದಿಲ್ಲದೆ ತಿಂದಿತು. ಒರೆಸಿದಾಗ ತೋಡಿನಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕುಳಿ ಉಳಿದಿತ್ತು.

ಸರ್ಕಾರದ ಬಾಹ್ಯಾಕಾಶ ಕೇಂದ್ರದಲ್ಲಿ ತಪಾಸಣೆಗೆ ನಿಂತವಳು ಈ ವಾರಿಜಾಕ್ಷಿ. ಭೂತಗನ್ನಡಿ ಹಿಡಿದು ತೋಡಿನ ಸುತ್ತ ಒಂದು ಸುತ್ತು ಬಂದಳು. ಕುಳಿಯ ಹತ್ತಿರ ನಿಂತಳು.

“ಇದು ಬೇಡ,” ಎಂದಳು.

ಚೌಡಾಚಾರ್ ಕೈಮುಗಿದ. “ಅಮ್ಮಾ, ಕಣ್ಣಿಗೇ ಕಾಣಕ್ಕಿಲ್ಲ ಅದು. ದೇವರ ಕುಂಕುಮ ಕಣಮ್ಮಾ.”

“ಕುಂಕುಮದ ಮೇಲೆ ನಂಗೇನೂ ಸಿಟ್ಟಿಲ್ಲ ಆಚಾರ್ರೇ. ಆದ್ರೆ ಇದರ ಹಿಂದೆ ಮೂರು ಜನ ಕೂರ್ತಾರೆ.”

ಬೊಟ್ಟಿಟ್ಟವನು ಮನೆಗೆ ಹೋದ. ಗುಜರಿ ಕೊಟ್ಟಿಗೆಗೆ ಹೋದವನು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆರು ವರ್ಷ ಆ ಕೊಟ್ಟಿಗೆಯಲ್ಲಿ ಮುರಿದ ಕುರ್ಚಿಗಳ ಜೊತೆ ಬಿದ್ದಿದ್ದೆ. ಪಾರಿವಾಳಗಳು ನನ್ನ ಮೇಲೆ ಸಂಸಾರ ಹೂಡಿದವು. ನಾನು ಮಾತ್ರ ಒಂದೇ ಜಪ ಮಾಡುತ್ತಿದ್ದೆ. ಅವಳು ಒಂದಲ್ಲ ಒಂದು ದಿನ ನನ್ನ ಕೈಗೆ ಸಿಕ್ಕಬೇಕು.

ಏಳನೆಯ ವರ್ಷ ಹರಾಜಾಯಿತು. ನನ್ನನ್ನು ಕೊಂಡವನು ಮುತ್ತಣ್ಣ. ಕೊಡಗಿನವನು, ಹಿಂದೆ ವಾಯುಪಡೆಯ ಪೈಲಟ್. ಈಗ ದೇವನಹಳ್ಳಿಯ ಬಳಿ ಸ್ವಂತ ಕಂಪನಿ ಕಟ್ಟಿ, ಸರ್ಕಾರಕ್ಕಿಂತ ಮೊದಲು ನಾನೇ ಜನರನ್ನು ಹಾರಿಸುತ್ತೇನೆ ಎಂದು ಹಟ ತೊಟ್ಟಿದ್ದ. ಹೊಸ ಬಾಗಿಲು ಮಾಡಿಸಲು ಎಂಟು ತಿಂಗಳು ಬೇಕು, ಅಷ್ಟು ತಾಳ್ಮೆ ಅವನಿಗಿರಲಿಲ್ಲ. ತೋಡನ್ನು ಉಜ್ಜಿಸಿದ, ಕುಳಿ ಪೂರ್ತಿ ಹೋಗಲಿಲ್ಲ; ಬಿಳಿ ಬಣ್ಣ ಹೊಡೆಸಿದ. ಅವನು ನನ್ನ ಬೆನ್ನು ತಟ್ಟಿದಾಗ ನನಗೆ ಅಳುವೇ ಬಂತು. ಅಷ್ಟು ವರ್ಷಗಳಲ್ಲಿ ನನ್ನನ್ನು ‘ಬೇಕು’ ಎಂದವನು ಅವನೊಬ್ಬನೇ.

ಮನುಷ್ಯರನ್ನು ಕೂರಿಸಿ ಪರೀಕ್ಷೆ ಮಾಡಲು ಸರ್ಕಾರದ ಅನುಮತಿ ಬೇಕಿತ್ತು. ಅದಕ್ಕೆ ಅಧಿಕಾರಿಯಾಗಿ ಬಂದವಳು ಯಾರೆಂದುಕೊಂಡಿರಿ? ಅವಳೇ. ತಲೆ ನರೆತಿತ್ತು. ಬಿಳಿ ಬಣ್ಣದೊಳಗಿದ್ದ ನನ್ನ ಗುರುತು ಅವಳಿಗೆ ಹತ್ತಲಿಲ್ಲ.

“ಈ ಬಾಗಿಲಿನ ಕಾಗದ ಎಲ್ಲಿ?” ಎಂದು ಕೇಳಿದಳು.

“ನಾವೇ ಪರೀಕ್ಷೆ ಮಾಡಿದ್ದೀವಿ ಮೇಡಂ. ನೀವು ಹತ್ತು ವರ್ಷ ಕಾಗದ ಬರೀತೀರಿ. ಅಷ್ಟರಲ್ಲಿ ನಾವು ಹೋಗಿ ಬಂದಿರ್ತೀವಿ.”

“ಹೋಗೋದು ಸರಿ. ಬರೋದಕ್ಕೇ ಕಾಗದ ಬೇಕಾಗೋದು ಮುತ್ತಣ್ಣ ಅವರೇ.”

“ಹೊರಗೆ ನಿಂತು ಬೇಡ ಅನ್ನೋದು ಸುಲಭ. ನಾನು ಒಳಗೆ ಕೂರ್ತೀನಿ. ಪಕ್ಕದ ಸೀಟು ಖಾಲಿ ಇದೆ.”

ಅವಳು ಕೈಯಲ್ಲಿದ್ದ ಫೈಲು ಮುಚ್ಚಿದಳು. “ಆಯ್ತು, ಬರ್ತೀನಿ. ಆದ್ರೆ ಆಕ್ಸಿಜನ್ ಮಾಸ್ಕ್ ಎರಡೂ ನನ್ನ ಮಡಿಲಲ್ಲಿರ್ಬೇಕು.”

ಮುತ್ತಣ್ಣ ನಕ್ಕ. ನಾನೂ ನಕ್ಕೆ. ಬಾ ತಾಯಿ, ಬಾ!

ನೌಕೆಯನ್ನು ದೊಡ್ಡ ಉಕ್ಕಿನ ಕೋಣೆಯೊಳಗೆ ಇಟ್ಟು, ಬಾಹ್ಯಾಕಾಶದಂತೆ ಶೂನ್ಯವಾಗಲೆಂದು ಕೋಣೆಯ ಗಾಳಿಯನ್ನೆಲ್ಲ ಹೀರತೊಡಗಿದರು. ಒಳಗೆ ಅವರಿಬ್ಬರು, ಅವರನ್ನು ಮುಚ್ಚಿಕೊಂಡು ನಾನು. ಅವಳ ಉಸಿರು ಈಗ ನನ್ನ ಮುಷ್ಟಿಯಲ್ಲಿತ್ತು. ಬಿಟ್ಟರೆ ಸಾಯುತ್ತಾಳೆ. ಆದರೆ ಸತ್ತರೆ ಅವಳ ಮಾತೇ ನಿಜವಾಗುತ್ತದೆ! ಇಲ್ಲ, ಅವಳನ್ನು ಬದುಕಿಸಬೇಕು. ಅವಳು ಗಟ್ಟಿಮುಟ್ಟಾಗಿ ಹೊರಬಂದು, ಎಲ್ಲರೆದುರು ತಲೆ ತಗ್ಗಿಸಬೇಕು. ಅದೇ ನನ್ನ ಸೇಡು. ಹಲ್ಲು ಕಚ್ಚಿ ಹಿಡಿದೆ. ಯಾವ ಬಾಗಿಲೂ ಯಾರನ್ನೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಕ್ಕಿಲ್ಲ.

ಇಪ್ಪತ್ತು ನಿಮಿಷ ಹಿಡಿದೆ. ಆಮೇಲೆ ಆ ಹಾಳು ಕುಳಿಯ ಅಂಚಿನಲ್ಲಿ ರಬ್ಬರ್ ಹರಿಯಿತು. ಸುಯ್ ಎಂದು ಗಾಳಿ ಹೊರಟಿತು. ಬೇಡ, ಬೇಡ ಎಂದು ಒಳಗೊಳಗೇ ಕೂಗಿಕೊಂಡೆ. ಯಾರು ಕೇಳಬೇಕು?

ಮುತ್ತಣ್ಣ ಮೀಟರು ನೋಡುತ್ತಿದ್ದ. ಅವಳು ನನ್ನನ್ನು ನೋಡುತ್ತಿದ್ದಳು. ಮೊದಲ ದಿನದಿಂದಲೂ ಅವಳು ನೋಡಿದ್ದು ನನ್ನನ್ನೇ. ಸದ್ದಾದ ಕೂಡಲೇ ಒಂದು ಮಾಸ್ಕನ್ನು ಅವನ ಮುಖಕ್ಕೆ ಒತ್ತಿ, ಇನ್ನೊಂದನ್ನು ತಾನು ಹಾಕಿಕೊಂಡು, ಅಪಾಯದ ಗುಂಡಿ ಒತ್ತಿದಳು. ಕೋಣೆಗೆ ಗಾಳಿ ತುಂಬುವಷ್ಟರಲ್ಲಿ ಇಬ್ಬರ ತುಟಿಯೂ ನೀಲಿಗಟ್ಟಿತ್ತು. ಜೀವಗಳು ಉಳಿದಿದ್ದವು.

ಹೊರಬಂದವಳು ತೋಡಿನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಕುಳಿ ಸಿಕ್ಕಿತು. ಮುಖ ಬಿಳಿಚಿತು.

“ಇದು ಆಯುಧಪೂಜೆಯ ಬಾಗಿಲು! ಕತ್ತರಿಸಿ ಹಾಕಿ ಅಂತ ಅವತ್ತೇ ಬರೆದಿದ್ದೆ. ಫೈಲು ವಾಪಸ್ ಬರ್ಲಿಲ್ಲ. ನಾನೂ ಹೋಗಿ ನೋಡ್ಲಿಲ್ಲ. ತಪ್ಪು ನಂದು.”

“ಗುಜರೀದು ಅಂತ ಗೊತ್ತಿದ್ದೂ ತಂದಿದ್ದು ನಾನು ಮೇಡಂ,” ಎಂದ ಮುತ್ತಣ್ಣ. ಜಗಳವಾಡುತ್ತಿದ್ದವರು ಹಾಗೆ ತಪ್ಪನ್ನು ಹಂಚಿಕೊಂಡರು. ನನ್ನ ತಪ್ಪೇನು ಎಂದು ಒಬ್ಬರೂ ಕೇಳಲಿಲ್ಲ. ಗರಗಸ ತರಿಸಿ, ಎದುರಿಗೆ ನಿಂತು ನನ್ನನ್ನು ಎರಡು ತುಂಡು ಮಾಡಿಸಿದರು. ಅವಳು ಕೊನೆಯವರೆಗೂ ಕದಲಲಿಲ್ಲ.

ಈಗ ಗುಜರಿ ಅಂಗಡಿಯ ಮೂಲೆಯಲ್ಲಿ, ಪ್ರೆಶರ್ ಕುಕ್ಕರುಗಳ ರಾಶಿಯ ಪಕ್ಕದಲ್ಲಿದ್ದೇನೆ. ಸದ್ಯದಲ್ಲೇ ಕುಲುಮೆ. ಮನುಷ್ಯರನ್ನು ಮೇಲಕ್ಕೆ ಕಳಿಸಬೇಕಾದದ್ದು ಸರ್ಕಾರವೋ ಕಂಪನಿಯೋ ಎಂದು ದೊಡ್ಡವರು ವಾದ ಮಾಡಿಕೊಳ್ಳಲಿ, ನನಗದರ ಗೊಡವೆ ಬೇಡ. ನನಗೆ ಗೊತ್ತಿರುವುದು ಇಷ್ಟೇ. ವಾರಿಜಾಕ್ಷಿ ಬದುಕಿದ್ದಾಳೆ. ನಾನು ಹಲ್ಲು ಕಚ್ಚಿ ಹಿಡಿದದ್ದರಿಂದಲ್ಲ, ಅವಳು ನನ್ನನ್ನು ಒಂದು ಗಳಿಗೆಯೂ ನಂಬದೇ ಇದ್ದದ್ದರಿಂದ. ಅದಕ್ಕಾಗಿ ಅವಳನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ.