ಪೆನ್ನು ಒಯ್ದವಳು

ಮಗಳು ಮಂತ್ರಿಯಾಗುವ ದಿನ ಬೆಳಿಗ್ಗೆ ಅಮ್ಮ ದೇವರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತಳು. ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಅಂಚೆ ಕಚೇರಿಯಲ್ಲಿ ಅವರು ಮೂವತ್ತು ವರ್ಷ ಬರೆದ ಕಪ್ಪು ಪೆನ್ನಿಗೆ ಶಾಯಿ ತುಂಬಿ, ಕರವಸ್ತ್ರದಲ್ಲಿ ಸುತ್ತಿ ನರ್ಸಮ್ಮನ ಕೈಗೆ ಕೊಟ್ಟಳು.

ನರ್ಸಮ್ಮ ಮಗಳ ಸಂಗಾತಿ. ಹನ್ನೊಂದು ವರ್ಷದಿಂದ ಇಬ್ಬರದೂ ಒಂದೇ ಮನೆ. ಮಗಳು ಚುನಾವಣೆಯ ಸಭೆಗಳಲ್ಲಿ ಮೈಕು ಹಿಡಿದು "ಇವಳು ನನ್ನ ಹೆಂಡತಿ" ಎಂದು ಹೇಳಿಯೇ ಗೆದ್ದಿದ್ದಳು. ಅಮ್ಮ ಮಾತ್ರ ನೆಂಟರೆದುರು ಆ ಮಾತನ್ನು ನುಂಗಿಕೊಳ್ಳುತ್ತಿದ್ದಳು.

ಪ್ರಮಾಣವಚನ ಮುಗಿದ ಮೇಲೆ ಸಹಿ ಹಾಕಲು ಮನೆಯವರೊಬ್ಬರು ಪೆನ್ನು ಒಯ್ದು ಕೊಡುವುದು ಆ ಶಾಸನಸಭೆಯ ಪದ್ಧತಿ. ಬಾಗಿಲಲ್ಲಿದ್ದ ಅಧಿಕಾರಿ ಪಟ್ಟಿ ನೋಡಿ ನರ್ಸಮ್ಮನನ್ನು ತಡೆದ.

"ಇಲ್ಲಿ ಗೆಳತಿ ಅಂತಿದೆಯಲ್ಲಮ್ಮ. ಗೆಳೆಯರೆಲ್ಲ ಮೇಲಿನ ಸಾಲಿಗೆ."

"ಯಾರ್ರೀ ಹಾಗೆ ಬರೆದ ಮಹಾನುಭಾವರು?" ಎಂದು ಜೊತೆಗೆ ಬಂದಿದ್ದ ಅಮ್ಮನ ನಾದಿನಿ ಸಿಡುಕಿದಳು.

ಹಾಗೆ ಬರೆದದ್ದು ಅಮ್ಮನೇ. ಹೋದ ವಾರ ಇಲ್ಲಿಗೆ ಬರುವವರ ಅರ್ಜಿ ತುಂಬುವಾಗ ಕೈ ರೂಢಿಯಂತೆ ಓಡಿತ್ತು.

"ಇರಲಿ ಬಿಡಿ ಅತ್ತೆ, ನೀವೇ ಕೊಡಿ," ಎಂದು ನರ್ಸಮ್ಮ ಕರವಸ್ತ್ರ ಚಾಚಿದಳು. ಅಮ್ಮನ ಗಂಡನಿಗೆ ಕೊನೆಯ ಗುಟುಕು ನೀರು ಕುಡಿಸಿದ ಕೈ ಅದು.

ಅಮ್ಮ ಪೆನ್ನು ತೆಗೆದಳು. "ತಪ್ಪು ನನ್ನದಪ್ಪ. ಕೊಡು ಇಲ್ಲಿ." ಪಟ್ಟಿಯಲ್ಲಿದ್ದ ಮಾತನ್ನು ಹೊಡೆದುಹಾಕಿ, ಮೇಲೆ ದಪ್ಪಗೆ 'ಸೊಸೆ' ಎಂದು ಬರೆದಳು.

"ಸೊಸೆ ಅಂದ್ರೆ..." ಅಧಿಕಾರಿ ತಡವರಿಸಿದ.

"ನನ್ನ ಮಗಳ ಹೆಂಡತಿ ನನಗೆ ಸೊಸೆಯಲ್ಲದೆ ಇನ್ನೇನು?" ಅವಳ ದನಿ ಮೊಗಸಾಲೆಯ ಕೊನೆಯವರೆಗೂ ಕೇಳಿಸಿತು.

ನಾದಿನಿ ಸೊಂಟದ ಮೇಲೆ ಕೈಯಿಟ್ಟಳು. "ನಮಗೆಲ್ಲ ಗೊತ್ತಿರೋದನ್ನ ಹೇಳೋಕೆ ನಿಮಗೆ ಹನ್ನೊಂದು ವರ್ಷ ಬೇಕಾಯ್ತಾ ಅತ್ತಿಗೆ?"

ಅಧಿಕಾರಿ ನಕ್ಕು ದಾರಿ ಬಿಟ್ಟ. ಪೆನ್ನು ಮತ್ತೆ ನರ್ಸಮ್ಮನ ಕೈಸೇರಿತು.

"ಮಂತ್ರಿಗಳ ಪತ್ನಿ!" ಎಂದು ಒಳಗೆ ಕೂಗು ಬಿದ್ದಾಗ ಸಭೆ ಇಡೀ ಬಾಗಿಲ ಕಡೆ ತಿರುಗಿತು. ನರ್ಸಮ್ಮ ನಡುಹಾದಿಯಲ್ಲಿ ನಡೆದಳು. ಎಲ್ಲೋ ಒಬ್ಬರು ಮೇಜು ತಟ್ಟಿದರು; ಮರುಕ್ಷಣ ಎದುರು ಪಕ್ಷದ ಸಾಲುಗಳೂ ಗುಡುಗಿದವು. ಅಪ್ಪನ ಪೆನ್ನನ್ನು ಕಂಡ ಮಗಳು ಅದನ್ನು ಕಣ್ಣಿಗೊತ್ತಿಕೊಂಡು ಸಹಿ ಹಾಕಿದಳು.

'ನೋಡಿದಿರಾ?' ಎಂದು ಅಮ್ಮ ಮನಸ್ಸಿನಲ್ಲೇ ಗಂಡನನ್ನು ಕೇಳಿದಳು.

"ಅಳ್ತಾ ಇದ್ದೀರಾ ಅತ್ತಿಗೆ?"

"ಸುಮ್ನಿರೇ. ಆ ಕಡೆ ಸರಿ, ನನ್ನ ಸೊಸೆ ಬರ್ತಾ ಇದ್ದಾಳೆ."